ಐಸ್ ಕರಗಿದ ರಾತ್ರಿ ಮೀನು ಯಾರದು? ವಿಸ್ಕಾನ್ಸಿನ್‌ನ ‘ವಾಲ್‌ಐ ವಾರ್ಸ್’ ಕಥೆ

ಇವತ್ತು ಮೀನಿನ ಕಥೆ. ಮೀನು ತಿನ್ನದವರು ದಯವಿಟ್ಟು ಆಫ್ ಮಾಡಿ ಹೋಗಬೇಡಿ. ಯಾಕಂದ್ರೆ ಇದು ಮೀನಿಗಿಂತ ಹೆಚ್ಚಾಗಿ ಒಂದು ಕ್ರಯಪತ್ರದ ಕಥೆ.

ನಮ್ಮ ದೊಡ್ಡಮ್ಮನ ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದಾನೆ. ಅಲ್ಲಿಗೆ ಹೋದಮೇಲೆ ಅವನಿಗೆ ಮೀನು ಹಿಡಿಯೋ ಹುಚ್ಚು ಹತ್ತಿದೆ. ಒಂದು ಏಪ್ರಿಲ್ ತಿಂಗಳಲ್ಲಿ ಫೋನ್ ಮಾಡಿ ಗೊಣಗ್ತಿದ್ದ. "ನೋಡೋ, ಕೆರೆ ಮೇಲಿನ ಐಸ್ ಕರಗ್ತಾ ಇದೆ, ಮೀನು ದಡಕ್ಕೆ ಬಂದಿದೆ, ಆದ್ರೆ ನಾನು ಗಾಳ ಹಾಕೋ ಹಾಗಿಲ್ಲ. ಮೇ ತಿಂಗಳವರೆಗೂ ಕಾಯಬೇಕು. ಇಲ್ಲಿನ ಮೂಲನಿವಾಸಿಗಳು ಮಾತ್ರ ಈಗಲೇ ಹಿಡೀತಾರೆ. ಕಾನೂನು ಎಲ್ಲರಿಗೂ ಒಂದೇ ಅಲ್ವೇನೋ?"

ಕೇಳಿದ ತಕ್ಷಣ ನನಗೂ ಅವನು ಹೇಳೋದು ಸರಿ ಅನ್ನಿಸ್ತು. ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು ಯಾಕೆ? ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಇದೇ ಪ್ರಶ್ನೆ ಹಿಡ್ಕೊಂಡು ನಲವತ್ತು ವರ್ಷದ ಹಿಂದೆ ಅವನ ಪಕ್ಕದ ರಾಜ್ಯದಲ್ಲಿ ಕಲ್ಲು ತೂರಾಟ ನಡೆದಿತ್ತು. ಅದಕ್ಕೆ ಪತ್ರಿಕೆಗಳು ಇಟ್ಟ ಹೆಸರು ‘ವಾಲ್‌ಐ ವಾರ್ಸ್’, ಅಂದ್ರೆ ವಾಲ್‌ಐ ಮೀನಿನ ಯುದ್ಧಗಳು.

ಮೊದಲು ಮೀನಿನ ಪರಿಚಯ ಮಾಡ್ಕೊಳ್ಳೋಣ.

ವಾಲ್‌ಐ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಮಿನ್ನೆಸೋಟ ರಾಜ್ಯದ ಅಧಿಕೃತ ಮೀನೂ ಇದೇ. ಇದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನ ವಾಪಸ್ ಎಸೆಯೋ ಒಂದು ಪದರ ಇದೆ. ರಾತ್ರಿ ಟಾರ್ಚ್ ಬಿಟ್ರೆ ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ, ಹಾಗೇ ನೀರಿನೊಳಗೆ ಇದರ ಕಣ್ಣು ಹೊಳೆಯುತ್ತೆ. ಇನ್ನೊಂದು ನಾರ್ದರ್ನ್ ಪೈಕ್: ಉದ್ದ ಮೈ, ಬಾತುಕೋಳಿ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು. ಓಜಿಬ್ವೆ ಭಾಷೆಯಲ್ಲಿ ವಾಲ್‌ಐಗೆ ‘ಓಗಾ’ ಅಂತಾರೆ, ಪೈಕ್‌ಗೆ ‘ಗಿನೂಝೆ’. ವಿಸ್ಕಾನ್ಸಿನ್‌ನಲ್ಲಿ ಕೆನೋಶಾ ಅಂತ ಒಂದು ಊರಿದೆ. ಆ ಹೆಸರು ಬಂದಿರೋದು ಅಲ್ಲಿನ ಮೂಲನಿವಾಸಿ ಭಾಷೆಗಳ ಈ ಪೈಕ್ ಅನ್ನೋ ಪದದಿಂದಲೇ.

ಎರಡೂ ಮೀನು ಮೊಟ್ಟೆ ಇಡೋದು ವಸಂತದ ಶುರುವಿನಲ್ಲಿ. ಪೈಕ್ ಮೊದಲು. ದಡದ ಐಸ್ ಬಿಡ್ತಾ ಇದ್ದ ಹಾಗೇ, ನೀರು ಇನ್ನೂ ಕೊರೀತಾ ಇರುವಾಗಲೇ, ಕರಗಿದ ನೀರು ನಿಂತ ಜವುಗು ಹುಲ್ಲಿನೊಳಗೆ ನುಗ್ಗುತ್ತೆ. ಮೊಟ್ಟೆ ಹುಲ್ಲಿಗೆ ಅಂಟ್ಕೊಳ್ಳುತ್ತೆ. ಅದಾದ ಸ್ವಲ್ಪ ದಿನಕ್ಕೆ ವಾಲ್‌ಐ ಸರದಿ. ಅದಕ್ಕೆ ಬೇಕಿರೋದು ಕಲ್ಲು, ಜಲ್ಲಿ ಇರೋ ಆಳವಿಲ್ಲದ ದಡ. ರಾತ್ರಿ ಹೊತ್ತು ಬಂದು ಮೊಟ್ಟೆ ಚೆಲ್ಲಿ ಹೋಗುತ್ತೆ. ಗೂಡೂ ಇಲ್ಲ, ಕಾವಲೂ ಇಲ್ಲ. ವರ್ಷವೆಲ್ಲ ಆಳದಲ್ಲಿ ಹುಡುಕಬೇಕಾದ ಮೀನು ಕೆಲವೇ ರಾತ್ರಿ ಮೊಣಕಾಲುದ್ದದ ನೀರಿನಲ್ಲಿ ಸಿಗುತ್ತೆ. ನಮ್ಮ ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಹತ್ತು ಮೀನು ಗದ್ದೆ, ಹಳ್ಳಕ್ಕೆ ಏರಿದಾಗ ಟಾರ್ಚು, ಕತ್ತಿ ಹಿಡ್ಕೊಂಡು ರಾತ್ರಿ ಹೊರಡ್ತೀವಲ್ಲ, ಲೆಕ್ಕ ಅದೇ.

ಓಜಿಬ್ವೆ ಜನ ಇದನ್ನೇ ನೂರಾರು ವರ್ಷ ಮಾಡ್ಕೊಂಡು ಬಂದಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಕೂಡಿಟ್ಟ ಆಹಾರ ಖಾಲಿ. ಆಗ ಒಂದು ಕಡೆ ಮೇಪಲ್ ಮರದ ರಸ ಇಳಿಸಿ ಸಕ್ಕರೆ ಕಾಯಿಸೋದು, ಇನ್ನೊಂದು ಕಡೆ ತೊಗಟೆಯ ದೋಣಿಯಲ್ಲಿ ಪಂಜು ಕಟ್ಟಿ ಈಟಿಯಿಂದ ಮೀನು ಹೊಡೆಯೋದು. ಆ ಪಂಜಿನ ಬೆಳಕು ನೋಡಿದ ಫ್ರೆಂಚ್ ವ್ಯಾಪಾರಿಗಳು ಒಂದು ಜಾಗಕ್ಕೆ ‘ಲಾಕ್ ದು ಫ್ಲಾಂಬೋ’ ಅಂತಲೇ ಹೆಸರಿಟ್ಟರು. ಪಂಜಿನ ಕೆರೆ ಅಂತ ಅರ್ಥ. ಆ ಹೆಸರು ಇವತ್ತಿಗೂ ವಿಸ್ಕಾನ್ಸಿನ್ ನಕ್ಷೆಯಲ್ಲಿದೆ, ಅಲ್ಲಿನ ಜನ ಈ ಕಥೆಯಲ್ಲಿ ಮತ್ತೆ ಬರ್ತಾರೆ.

ಈಗ ಕ್ರಯಪತ್ರಕ್ಕೆ ಬರೋಣ. ನಾನು ಬಿ.ಕಾಂ ಓದಿದವನು. ಇತಿಹಾಸದ ಪುಸ್ತಕ ಓದುವಾಗಲೂ ನನ್ನ ಕಣ್ಣು ಮೊದಲು ಹೋಗೋದು ದುಡ್ಡಿನ ಲೆಕ್ಕದ ಕಡೆಗೇ.

1837ರ ಜುಲೈ. ಈಗಿನ ಮಿನ್ನೆಸೋಟದ ಫೋರ್ಟ್ ಸ್ನೆಲ್ಲಿಂಗ್ ಹತ್ತಿರ ವಿಸ್ಕಾನ್ಸಿನ್ ಪ್ರಾಂತ್ಯದ ಗವರ್ನರ್ ಹೆನ್ರಿ ಡಾಡ್ಜ್ ಓಜಿಬ್ವೆ ಮುಖ್ಯಸ್ಥರನ್ನ ಕೂರಿಸ್ಕೊಂಡು ಮಾತುಕತೆ ನಡೆಸಿದರು. ಸರ್ಕಾರಕ್ಕೆ ಬೇಕಾಗಿದ್ದದ್ದು ಪೈನ್ ಮರ. ಒಪ್ಪಂದದಲ್ಲಿ ಓಜಿಬ್ವೆಗಳು ಬಿಟ್ಟುಕೊಟ್ಟದ್ದು ಒಂದು ಕೋಟಿ ಎಕರೆಗೂ ಹೆಚ್ಚು ನೆಲ. ಬದಲಿಗೆ ಸಿಕ್ಕಿದ್ದು ಇಪ್ಪತ್ತು ವರ್ಷ, ವರ್ಷಕ್ಕೆ 9,500 ಡಾಲರ್ ನಗದು, 19,000 ಡಾಲರ್ ಮೌಲ್ಯದ ಸಾಮಾನು, ಕಮ್ಮಾರಶಾಲೆಗೆ 3,000, ಬೇಸಾಯಕ್ಕೆ 1,000, ದಿನಸಿಗೆ 2,000, ಹೊಗೆಸೊಪ್ಪಿಗೆ 500. ಒಟ್ಟು 35,000. ಇದರ ಜೊತೆಗೆ ಮಿಶ್ರ ಸಂತಾನದವರಿಗೆ ಅಂತ ಒಂದು ಲಕ್ಷ, ವ್ಯಾಪಾರಿಗಳ ಹಳೇ ಸಾಲ ತೀರಿಸೋಕೆ 70,000.

ನೀವೇ ಕೂಡಿ ನೋಡಿ. ಇಪ್ಪತ್ತು ವರ್ಷಕ್ಕೆ 7 ಲಕ್ಷ, ಮೇಲೆ 1 ಲಕ್ಷದ 70 ಸಾವಿರ. ಒಟ್ಟು 8 ಲಕ್ಷದ 70 ಸಾವಿರ ಡಾಲರ್. ಎಕರೆಗೆ ಹತ್ತು ಸೆಂಟ್ ಕೂಡ ಬೀಳಲ್ಲ.

ಇಷ್ಟು ಅಗ್ಗಕ್ಕೆ ಯಾರಾದ್ರೂ ಯಾಕೆ ಕೊಡ್ತಾರೆ? ಒತ್ತಡ ಇತ್ತು, ಸಾಲ ಇತ್ತು, ನಿಜ. ಆದ್ರೆ ಇನ್ನೊಂದು ಕಾರಣವೂ ಇದೆ. ಅವರ ಲೆಕ್ಕದಲ್ಲಿ ಅವರು ಎಲ್ಲವನ್ನೂ ಮಾರಿರಲಿಲ್ಲ. ಮಾತುಕತೆಯ ದಾಖಲೆಯಲ್ಲೇ ಇದೆ: ನೆಲ ಕೊಡ್ತೀವಿ, ಆದರೆ ಮರದಿಂದ ಸಕ್ಕರೆ ಮಾಡಿಕೊಳ್ಳೋದು, ಕೆರೆ, ನದಿಗಳಿಂದ ಬದುಕು ನಡೆಸೋದು ನಮಗೇ ಉಳೀಬೇಕು ಅಂತ ಮುಖ್ಯಸ್ಥರು ಸ್ಪಷ್ಟವಾಗಿ ಕೇಳಿದ್ದರು. ಒಪ್ಪಂದದ ಐದನೇ ಕಲಮಿನಲ್ಲಿ ಅದು ಬಂತು. ಬಿಟ್ಟುಕೊಟ್ಟ ಪ್ರದೇಶದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಸಂಗ್ರಹಿಸುವ ಹಕ್ಕು ಅವರಿಗಿರುತ್ತೆ ಅಂತ.

ನಮ್ಮಲ್ಲಿ ಮನೆ ಭೋಗ್ಯಕ್ಕೆ ಹಾಕಿಸಿಕೊಳ್ಳೋದು ಗೊತ್ತಲ್ಲ? ಅಲ್ಲಿ ಮನೆ ಓನರ್‌ದೇ, ಅನುಭವಿಸೋದು ನಾವು. ಇಲ್ಲಿ ಅದು ಉಲ್ಟಾ. ನೆಲದ ಒಡೆತನ ಹೋಯ್ತು, ಅನುಭೋಗ ಉಳೀತು. ಉಳಿಸಿಕೊಂಡ ಹಕ್ಕೂ ಬೆಲೆಯ ಒಂದು ಭಾಗವೇ. ಅದನ್ನ ಆಮೇಲೆ ಕಿತ್ಕೊಂಡರೆ, ಹತ್ತು ಸೆಂಟಿನ ವ್ಯವಹಾರ ಇನ್ನೂ ಅನ್ಯಾಯದ್ದಾಗುತ್ತೆ.

ಆದ್ರೆ ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. ಈ ಹಕ್ಕು ‘ಅಮೆರಿಕದ ಅಧ್ಯಕ್ಷರ ಇಚ್ಛೆ ಇರುವಷ್ಟು ಕಾಲ’ ಮಾತ್ರ ಅಂತ. ಇವತ್ತಿನ ಜಾಹೀರಾತುಗಳಲ್ಲಿ ‘ಷರತ್ತುಗಳು ಅನ್ವಯ’ ಅಂತ ಸಣ್ಣಕ್ಷರದಲ್ಲಿ ಇರುತ್ತಲ್ಲ, ಹಾಗೆ. 1842ರಲ್ಲಿ ಲಾ ಪಾಯಿಂಟ್‌ನಲ್ಲಿ ಇನ್ನೊಂದು ಒಪ್ಪಂದ ಆಯ್ತು, ಈ ಸಲ ತಾಮ್ರದ ಗಣಿಗಾಗಿ. ಮೀನಿನ ಹಕ್ಕು ಅಲ್ಲೂ ಉಳೀತು, ಕೊಕ್ಕೆಯೂ ಉಳೀತು.

1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಆ ಕೊಕ್ಕೆ ಬಳಸಿದರು. ಹಕ್ಕು ರದ್ದು, ಎಲ್ಲರೂ ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಹೊರಡಬೇಕು ಅನ್ನೋ ಆದೇಶ. ಜನ ಹೊರಡಲಿಲ್ಲ. ಅವರನ್ನ ಹೊರಡಿಸೋಕೆ ಅಧಿಕಾರಿಗಳು ಒಂದು ದಾರಿ ಹುಡುಕಿದರು. ವರ್ಷದ ಹಣ, ದಿನಸಿಯನ್ನ ಲಾ ಪಾಯಿಂಟ್‌ನಲ್ಲಿ ಕೊಡೋ ಬದಲು ಮಿನ್ನೆಸೋಟದ ಸ್ಯಾಂಡಿ ಲೇಕ್‌ನಲ್ಲಿ ಕೊಡ್ತೀವಿ, ಅಲ್ಲಿಗೆ ಬನ್ನಿ ಅಂದರು. ಚಳಿ ಬಿದ್ದಮೇಲೆ ವಾಪಸ್ ಹೋಗೋಕಾಗಲ್ಲ ಅನ್ನೋದು ಲೆಕ್ಕಾಚಾರ. ಜನ ಬಂದು ಕಾದರು. ಹಣ ಬರಲಿಲ್ಲ, ಕೊಟ್ಟ ದಿನಸಿ ಕೆಟ್ಟಿತ್ತು, ರೋಗ ಹಬ್ಬಿತು. ಅಲ್ಲಿ ಮತ್ತು ಹಿಮದಲ್ಲಿ ಮನೆಗೆ ಮರಳುವ ದಾರಿಯಲ್ಲಿ ಸತ್ತವರು ಸುಮಾರು 400 ಜನ.

1852ರಲ್ಲಿ ಮುಖ್ಯಸ್ಥ ಕೆಚೆವೈಷ್ಕೆ, ಇಂಗ್ಲಿಷಿನಲ್ಲಿ ಚೀಫ್ ಬಫಲೋ, ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ದೋಣಿ ಹತ್ತಿ ವಾಷಿಂಗ್ಟನ್‌ಗೆ ಹೊರಟರು. ಆಗಿನ ಅಧ್ಯಕ್ಷ ಮಿಲ್ಲಾರ್ಡ್ ಫಿಲ್ಮೋರ್ ಅವರನ್ನ ಕಂಡರು, ಎತ್ತಂಗಡಿ ನಿಂತಿತು. 1854ರಲ್ಲಿ ಅವರವರ ಊರಿನ ಹತ್ತಿರವೇ ‘ರಿಸರ್ವೇಶನ್’ಗಳು ಸಿಕ್ಕವು. ಇದು ನಾವು ಹೇಳೋ ಮೀಸಲಾತಿ ಅಲ್ಲ, ಮೂಲನಿವಾಸಿಗಳಿಗೆ ಅಂತ ಗಡಿ ಹಾಕಿ ಬಿಟ್ಟ ನೆಲ.

ಇದಾದಮೇಲೆ ಒಂದು ಶತಮಾನ ಕಾಗದದ ಮೇಲಿನ ಹಕ್ಕು ಕಾಗದದ ಮೇಲೇ ಉಳೀತು. 1908ರಲ್ಲಿ ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟ್, ರಾಜ್ಯ ರಚನೆ ಆದಾಗಲೇ ಆ ಹಕ್ಕು ಹೋಯ್ತು ಅಂದುಬಿಟ್ಟಿತು. ರಿಸರ್ವೇಶನ್ ಗಡಿ ದಾಟಿ ಈಟಿ ಎತ್ತಿದರೆ ಅದು ಕಳ್ಳಬೇಟೆ. ದಂಡ, ಜೈಲು, ಮೀನು ಜಪ್ತಿ. ಅಜ್ಜಂದಿರು ಹಕ್ಕಿನಿಂದ ಮಾಡಿದ್ದನ್ನ ಮೊಮ್ಮಕ್ಕಳು ಕದ್ದು ಮಾಡಬೇಕಾಯ್ತು.

ಇನ್ನು 1974ಕ್ಕೆ ಬರೋಣ. ಮಾರ್ಚ್ 8. ಲಾಕ್ ಕೋರ್ಟೆ ಓರೇ ಅನ್ನೋ ಓಜಿಬ್ವೆ ಸಮುದಾಯದ ಇಬ್ಬರು ಅಣ್ಣತಮ್ಮಂದಿರು, ಫ್ರೆಡ್ ಟ್ರಿಬಲ್ ಮತ್ತು ಮೈಕ್ ಟ್ರಿಬಲ್, ಚೀಫ್ ಲೇಕ್ ಅನ್ನೋ ಕೆರೆಗೆ ಹೋದರು. ಐಸ್ ಇನ್ನೂ ಗಟ್ಟಿಯಾಗಿತ್ತು. ರಿಸರ್ವೇಶನ್ ಗಡಿ ಆ ಕೆರೆಯ ನಡುವೆ ಹಾದುಹೋಗುತ್ತೆ. ಇವರು ಬೇಕಂತಲೇ ಆ ಗಡಿ ದಾಟಿ, ಐಸ್‌ನಲ್ಲಿ ತೂತು ಕೊರೆದು, ಈಟಿ ಇಳಿಸಿದರು. ವಾರ್ಡನ್‌ಗಳು ಬಂದು ಕೇಸ್ ಹಾಕಿದರು. ಇವರಿಗೆ ಬೇಕಾಗಿದ್ದೂ ಅದೇ.

ಸಮುದಾಯ ಫೆಡರಲ್ ಕೋರ್ಟಿಗೆ ಹೋಯ್ತು. 1978ರಲ್ಲಿ ನ್ಯಾಯಾಧೀಶ ಜೇಮ್ಸ್ ಡಾಯ್ಲ್ ಅವರ ವಿರುದ್ಧ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ 1983ರ ಜನವರಿ 25ರಂದು ತೀರ್ಪು ತಿರುಗಿತು. ರಿಸರ್ವೇಶನ್ ಹೊರಗೂ, ಬಿಟ್ಟುಕೊಟ್ಟ ಪ್ರದೇಶದ ಸಾರ್ವಜನಿಕ ನೆಲ, ನೀರಿನಲ್ಲಿ, ಹಕ್ಕು ಇನ್ನೂ ಜೀವಂತ ಅಂತ. ಇದೇ ‘ವಾಯ್ಟ್ ತೀರ್ಪು’. ಇದರ ಹಿಂದಿದ್ದ ತತ್ವ ಹೊಸದಲ್ಲ. 1905ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೊಂದು ಬುಡಕಟ್ಟಿನ ಮೀನಿನ ಕೇಸಿನಲ್ಲಿ ಹೇಳಿತ್ತು: ಒಪ್ಪಂದ ಅಂದ್ರೆ ಸರ್ಕಾರ ಮೂಲನಿವಾಸಿಗಳಿಗೆ ಕೊಟ್ಟ ದಾನ ಅಲ್ಲ, ಅವರು ಸರ್ಕಾರಕ್ಕೆ ಕೊಟ್ಟದ್ದು. ಕೊಡದೇ ಇದ್ದದ್ದು ಅವರ ಹತ್ತಿರವೇ ಉಳೀತು.

1985ರ ವಸಂತದಲ್ಲಿ ಐಸ್ ಕರಗ್ತಿದ್ದ ಹಾಗೇ ಓಜಿಬ್ವೆಗಳು ರಿಸರ್ವೇಶನ್ ಹೊರಗಿನ ಕೆರೆಗಳಿಗೆ ದೋಣಿ ಇಳಿಸಿದರು. ಪಂಜಿನ ಬದಲು ಹೆಲ್ಮೆಟ್ಟಿಗೆ ಕಟ್ಟಿದ ಲೈಟು. ಉಳಿದದ್ದೆಲ್ಲ ಹಳೇದೇ.

ವಿರೋಧಿಸಿದವರ ಮಾತನ್ನೂ ಕೇಳೋಣ. ಉತ್ತರ ವಿಸ್ಕಾನ್ಸಿನ್‌ನ ಬದುಕು ನಡೀತಿದ್ದದ್ದು ಪ್ರವಾಸಿಗಳಿಂದ. ಗಾಳ ಹಿಡಿದು ಬರೋರು ನಿಂತರೆ ರೆಸಾರ್ಟು, ಅಂಗಡಿ, ಹೋಟೆಲು ಎಲ್ಲ ನಿಲ್ಲುತ್ತೆ. ಮೊಟ್ಟೆ ಇಡೋ ಕಾಲದಲ್ಲಿ ಮೀನು ಹಿಡೀಬೇಡಿ ಅಂತ ಅವರಿಗೆ ಅಪ್ಪನ ಕಾಲದಿಂದ ಹೇಳಿಕೊಟ್ಟಿದ್ದರು, ಅವರು ಪಾಲಿಸಿದ್ದರು. ಈಗ ಕಣ್ಣೆದುರೇ ಅದೇ ಕಾಲದಲ್ಲಿ ಈಟಿ. ಮೇಲಿಂದ, ಬುಡಕಟ್ಟಿನವರ ಪಾಲು ಗೊತ್ತುಮಾಡಿದ ಕೆರೆಗಳಲ್ಲಿ ಗಾಳದವರಿಗೆ ದಿನಕ್ಕೆ ಇದ್ದ ಐದು ವಾಲ್‌ಐ ಮಿತಿಯನ್ನೂ ಇಳಿಸಿದರು. ಸಿಟ್ಟು ಬರೋದು ಸಹಜ.

ಆದ್ರೆ ಆ ಸಿಟ್ಟು ಹೋದ ದಾರಿ ಸಹಜವಲ್ಲ. ರಾತ್ರಿ ಬೋಟ್ ಲ್ಯಾಂಡಿಂಗ್‌ಗಳಲ್ಲಿ ನೂರಾರು ಜನ ಸೇರ್ತಿದ್ದರು. ಕಲ್ಲು, ಕವಣೆಯಿಂದ ಹೊಡೆದ ಗೋಲಿ. ಈಟಿಯವರ ಸಣ್ಣ ದೋಣಿ ಮಗುಚಲಿ ಅಂತ ದೊಡ್ಡ ಮೋಟಾರ್ ಬೋಟ್ ಓಡಿಸಿ ಅಲೆ ಎಬ್ಬಿಸೋದು. ಒಂದು ವಾಲ್‌ಐ ಉಳಿಸಿ, ಒಬ್ಬ ಇಂಡಿಯನ್‌ಗೆ ಈಟಿ ಹಾಕಿ ಅನ್ನೋ ಅರ್ಥದ ಫಲಕಗಳು. ಬಸುರಿ ಹೆಂಗಸರನ್ನೂ ಬಿಡದ ಘೋಷಣೆಗಳು. ‘ಸ್ಟಾಪ್ ಟ್ರೀಟಿ ಅಬ್ಯೂಸ್’ ಅನ್ನೋ ಗುಂಪು ಹಣ ಎತ್ತೋಕೆ ‘ಟ್ರೀಟಿ ಬಿಯರ್’ ಅಂತ ಬಿಯರನ್ನೇ ಮಾರಿತು. ಇನ್ನೊಂದು ಕಡೆ, ‘ವಿಟ್ನೆಸ್ ಫಾರ್ ನಾನ್‌ವಯಲೆನ್ಸ್’ ಹೆಸರಿನಲ್ಲಿ ಬಿಳಿಯರೂ ಸೇರಿದಂತೆ ಸಾಮಾನ್ಯ ಜನ ಬಂದು ಈಟಿಯವರ ಕುಟುಂಬದ ಪಕ್ಕ ಸುಮ್ಮನೆ ನಿಂತರು. ಬೈದರೆ ತಿರುಗಿ ಬೈಯಲಿಲ್ಲ, ನಡೆದದ್ದನ್ನ ಬರೆದಿಟ್ಟುಕೊಂಡರು.

1989ರಲ್ಲಿ ರಾಜ್ಯ ಸರ್ಕಾರ ಒಂದು ಆಫರ್ ಇಟ್ಟಿತು. ಪಂಜಿನ ಕೆರೆಯ ಜನಕ್ಕೆ, ಲಾಕ್ ದು ಫ್ಲಾಂಬೋ ಸಮುದಾಯಕ್ಕೆ, ಹತ್ತು ವರ್ಷದಲ್ಲಿ ಸುಮಾರು 5 ಕೋಟಿ ಡಾಲರ್. ಬದಲಿಗೆ ಅಷ್ಟು ಕಾಲ ಈಟಿ ಕೆಳಗಿಡಬೇಕು. ನನ್ನಂಥ ಕಾಮರ್ಸ್ ಹುಡುಗ ತಕ್ಷಣ ಸಹಿ ಹಾಕು ಅಂತಿದ್ದ. ಅಲ್ಲಿನ ಜನ ವೋಟ್ ಹಾಕಿದರು. ಬೇಡ ಅಂದರು. ಬಡವರೇ, ದುಡ್ಡಿನ ಅಗತ್ಯ ಇದ್ದವರೇ. ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. 1837ರಲ್ಲಿ ಅಜ್ಜಂದಿರು ಮಾರದೇ ಇಟ್ಟದ್ದು ಇದೊಂದನ್ನೇ. ಅದನ್ನ ಇವರೂ ಮಾರಲಿಲ್ಲ.

1991ರಲ್ಲಿ ಎರಡು ಸಂಗತಿ ನಡೆದವು. ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್, ಈಟಿಯವರಿಗೆ ಅಡ್ಡಿ ಮಾಡಬಾರದು ಅಂತ ಪ್ರತಿಭಟನಾ ಗುಂಪಿನ ಮೇಲೆ ತಡೆಯಾಜ್ಞೆ ಹೊರಡಿಸಿದರು. ಲ್ಯಾಂಡಿಂಗ್‌ಗಳು ನಿಧಾನಕ್ಕೆ ಶಾಂತವಾದವು. ಅದೇ ವರ್ಷ ರಾಜ್ಯ, ಬುಡಕಟ್ಟು ಮತ್ತು ಕೇಂದ್ರದ ಮೀನು ತಜ್ಞರು ಒಟ್ಟಿಗೆ ಕೆರೆಗಳನ್ನ ಪರಿಶೀಲಿಸಿ ವರದಿ ಕೊಟ್ಟರು: ಈಟಿಯಿಂದ ಮೀನಿನ ಸಂತತಿಗೆ ಹಾನಿಯಾಗಿಲ್ಲ. ವಾಲ್‌ಐಯ ಬಹುಪಾಲು ಹೋಗ್ತಿದ್ದದ್ದು ಗಾಳದವರ ಬುಟ್ಟಿಗೇ.

ಮೊಟ್ಟೆ ಇಡೋ ಮೀನು ಹೊಡೆದ್ರೂ ಹಾನಿ ಇಲ್ಲ ಅಂದ್ರೆ ಹೇಗೆ? ನನಗೂ ಅದೇ ಅನುಮಾನ ಇತ್ತು. ಉತ್ತರ ಲೆಕ್ಕದಲ್ಲಿದೆ. ಗಾಳಕ್ಕೆ ಲೈಸೆನ್ಸ್ ತಗೊಂಡವರು ಲಕ್ಷಗಟ್ಟಲೆ, ಒಬ್ಬೊಬ್ಬರು ಹಿಡಿದದ್ದನ್ನ ಎಣಿಸೋಕಾಗಲ್ಲ. ಅದಕ್ಕೇ ಕ್ಯಾಲೆಂಡರ್ ನೋಡಿ ಬಾಗಿಲು ಹಾಕ್ತಾರೆ. ಈಟಿಯವರು ಕೆಲವೇ ನೂರು ಜನ. ಅವರಿಗೆ ಪ್ರತಿ ಕೆರೆಗೂ ಇಂತಿಷ್ಟೇ ಅಂತ ಕೋಟಾ, ಪ್ರತಿ ರಾತ್ರಿಗೂ ಪರ್ಮಿಟ್. ದಡಕ್ಕೆ ಬಂದಾಗ ಮೀನುಗಳನ್ನ ಒಂದೊಂದಾಗಿ ಎಣಿಸ್ತಾರೆ. 20 ಇಂಚಿಗಿಂತ ದೊಡ್ಡದು ಪರ್ಮಿಟ್‌ಗೆ ಎರಡೇ. ದೊಡ್ಡವು ಸಾಮಾನ್ಯವಾಗಿ ಹೆಣ್ಣು. ದಡದಲ್ಲಿ ಹೆಚ್ಚು ದಿನ ಸುತ್ತೋದು ಗಂಡು, ಈಟಿಗೆ ಸಿಗೋದೂ ಬಹುಪಾಲು ಗಂಡೇ. ಅಂದ್ರೆ ಎರಡೂ ನಿಯಮದ ಉದ್ದೇಶ ಒಂದೇ, ಮೀನು ಉಳೀಬೇಕು. ಒಂದು ತಾರೀಖಿನಿಂದ ಕಾಯುತ್ತೆ, ಇನ್ನೊಂದು ಎಣಿಕೆಯಿಂದ.

1991ರ ಮೇನಲ್ಲಿ ರಾಜ್ಯ ಸರ್ಕಾರ ಇನ್ನು ಮೇಲ್ಮನವಿ ಮಾಡಲ್ಲ ಅಂತು. ಆಗಿನ ಅಟಾರ್ನಿ ಜನರಲ್ ಯಾರು ಗೊತ್ತಾ? ಜಿಮ್ ಡಾಯ್ಲ್. 1978ರಲ್ಲಿ ಓಜಿಬ್ವೆಗಳ ವಿರುದ್ಧ ತೀರ್ಪು ಕೊಟ್ಟಿದ್ದ ನ್ಯಾಯಾಧೀಶರ ಮಗ.

ನಮ್ಮ ಅಣ್ಣ ಇರೋ ಮಿನ್ನೆಸೋಟದಲ್ಲೂ ಇದೇ ಜಗಳ ಮಿಲ್ ಲಾಕ್ಸ್ ಅನ್ನೋ ದೊಡ್ಡ ಕೆರೆಯ ಮೇಲೆ ನಡೀತು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1999ರ ಮಾರ್ಚ್ 24, ಐದಕ್ಕೆ ನಾಲ್ಕು ಮತ. ಬಹುಮತದ ತೀರ್ಪು ಬರೆದವರು ಸಾಂಡ್ರಾ ಡೇ ಓಕಾನರ್. ಟೇಲರ್ ಆದೇಶ ಕಾನೂನುಬಾಹಿರ, ರಾಜ್ಯ ರಚನೆಯಿಂದ ಹಕ್ಕು ಸಾಯಲ್ಲ, 1837ರ ಮಾತು ಇನ್ನೂ ಮಾತೇ ಅಂತ. 162 ವರ್ಷದ ಮೇಲೆ, ಒಂದೇ ಒಂದು ವೋಟಿನ ಅಂತರದಲ್ಲಿ.

ಎಲ್ಲ ಸರಿಹೋಯ್ತು ಅಂತ ಮುಗಿಸೋ ಕಥೆ ಇದಲ್ಲ. ಮಿಲ್ ಲಾಕ್ಸ್‌ನಲ್ಲಿ ವಾಲ್‌ಐ ಆಮೇಲೆ ಕಡಿಮೆ ಆಗ್ತಾ ಬಂತು. 2015ರ ಆಗಸ್ಟಿನಲ್ಲಿ ಗಾಳದವರಿಗೆ ಅಲ್ಲಿ ವಾಲ್‌ಐ ಹಿಡಿಯೋದನ್ನೇ ನಿಲ್ಲಿಸಬೇಕಾಯ್ತು. ಹೊರಗಿನಿಂದ ಬಂದ ಝೀಬ್ರಾ ಚಿಪ್ಪುಗಳು ಕೆರೆ ತುಂಬಿವೆ, ನೀರು ಬಿಸಿಯಾಗ್ತಿದೆ. ವಾಲ್‌ಐ ಬೇಕು ಅಂತ ಹೊಡೆದಾಡಿದ ಎರಡೂ ಕಡೆಯವರಿಗೆ ಈಗ ಒಂದೇ ಚಿಂತೆ, ಮೀನು ಉಳಿಯುತ್ತಾ ಅಂತ. ಇವತ್ತು ರಾಜ್ಯದ ತಜ್ಞರೂ ಬುಡಕಟ್ಟಿನ ತಜ್ಞರೂ ಕೂತು ಒಟ್ಟಿಗೆ ಎಣಿಸ್ತಾರೆ. ಲಾಕ್ ದು ಫ್ಲಾಂಬೋದವರು ತಮ್ಮದೇ ಹ್ಯಾಚರಿಯಲ್ಲಿ ವಾಲ್‌ಐ ಮರಿ ಮಾಡಿ ಕೆರೆಗೆ ಬಿಡ್ತಾರೆ.

ಅಣ್ಣನಿಗೆ ನಾನು ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಅಣ್ಣ, ಕಾನೂನು ಎಲ್ಲರಿಗೂ ಒಂದೇ ಅಂದ್ಯಲ್ಲ, ಒಂದೇನೇ. ಮಾಡಿಕೊಂಡ ಕರಾರಿಗೆ ಇಬ್ಬರೂ ಬದ್ಧ, ಅದೇ ಕಾನೂನು. ನಿನ್ನ ಮನೆ ಇರೋ ನೆಲವೂ ಇಂಥದ್ದೇ ಯಾವುದೋ ಕರಾರಿನಿಂದ ಸರ್ಕಾರಕ್ಕೆ ಬಂದದ್ದು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆದ್ರೂ ಮೇ ತನಕ ಕಾಯೋದು ಕಷ್ಟ ಕಣೋ" ಅಂದ. ಅದನ್ನ ಒಪ್ಕೊಂಡೆ.

ಮುಂದಿನ ಸಲ ಏಪ್ರಿಲ್ ರಾತ್ರಿ ಯಾವುದೋ ಕೆರೆ ದಡದಲ್ಲಿ ಹೆಲ್ಮೆಟ್ ಲೈಟ್ ಕಂಡರೆ ಹೋಗಿ ನೋಡ್ತೀನಿ ಅಂತಾನೂ ಹೇಳಿದ. ದೂರ ನಿಂತು ನೋಡು ಅಂದಿದೀನಿ, ಅವರ ಕೆಲಸಕ್ಕೆ ಅಡ್ಡ ಬರಬೇಡ ಅಂತ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಹಳೇ ಪತ್ರಗಳಲ್ಲಿ ಇಂಥ ‘ಉಳಿಸಿಕೊಂಡ ಹಕ್ಕು’, ಬಾವಿ ನೀರಿನದ್ದೋ, ದಾರಿಯದ್ದೋ, ಮರದ್ದೋ, ಇದ್ದರೆ ನನಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.